ಅರಿಶಿನ ಪಂಪ್ ನಿಲ್ಲಿಸುತ್ತದೆ ನಿಜ, ಆದರೆ ಯಾರ ಪಂಪ್?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಗುಂಡ್ಲುಪೇಟೆಯಲ್ಲಿ 26 ವರ್ಷದಿಂದ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. ಡಿ.ಫಾರ್ಮಾ ಓದಿದವನು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ದೇವರಿಗೆ ಊದುಬತ್ತಿ ಹಚ್ಚಿ, ಮೊದಲು ಓದುವುದು ನಿಮ್ಮ ಪತ್ರಿಕೆ. ಓದಿದ ಮೇಲೆ ಕೌಂಟರ್ ಮೇಲೇ ಇಟ್ಟಿರುತ್ತೇನೆ. ಬಂದವರೂ ಓದುತ್ತಾರೆ. ಹಾಗಾಗಿ ನಿಮ್ಮ ಆರೋಗ್ಯ ಪುಟದಲ್ಲಿ ಏನು ಬಂದರೂ, ಅದರ ಬಗ್ಗೆ ಪ್ರಶ್ನೆ ಮಧ್ಯಾಹ್ನದೊಳಗೆ ನನ್ನ ಮುಂದೆ ಬಂದು ನಿಂತಿರುತ್ತದೆ.

ಮೂರು ತಿಂಗಳ ಹಿಂದೆ ಆ ಪುಟದಲ್ಲಿ ಅರಿಶಿನದ ಬಗ್ಗೆ ಒಂದು ಬರಹ ಬಂತು. ಅರಿಶಿನದಲ್ಲಿರುವ ಒಂದು ವಸ್ತು ಪ್ರೋಟಾನ್ ಪಂಪನ್ನು (ಜಠರದಲ್ಲಿ ಆಸಿಡ್ ತುಂಬುವುದು ಇಂಥ ಪಂಪೇ) ತಡೆಯುತ್ತದೆ ಎಂದು ವಿದೇಶದ ವಿಜ್ಞಾನಿಗಳು ಕಂಡುಕೊಂಡಿದ್ದಾರೆ, ನಾವು ನುಂಗುವ ಗ್ಯಾಸ್ ಮಾತ್ರೆ ಮಾಡುವುದೂ ಅದೇ ಕೆಲಸ, ಹಾಗಿರುವಾಗ ಮಾತ್ರೆ ಯಾಕೆ ಎಂಬ ಧಾಟಿಯಲ್ಲಿತ್ತು. ಪಕ್ಕದಲ್ಲಿ ಅರಿಶಿನ ಬೆರೆಸಿದ ಹಾಲಿನ ಲೋಟದ ಚಿತ್ರ.

ಅದನ್ನು ಕತ್ತರಿಸಿ ಜೇಬಲ್ಲಿಟ್ಟುಕೊಂಡು ಬಂದವರು ನಮ್ಮ ಬೀದಿಯ ಒಬ್ಬ ಹಿರಿಯರು. 70 ದಾಟಿದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಎರಡು ವರ್ಷ. ದಿನಾ ಆಸ್ಪಿರಿನ್ ತಗೋಬೇಕು. ಆಸ್ಪಿರಿನ್ ಜಠರದ ಒಳಪದರವನ್ನು ಕೆಡಿಸಬಹುದು ಅಂತಲೇ ಡಾಕ್ಟರು ಜೊತೆಗೆ ಪ್ಯಾಂಟೊಪ್ರಜೋಲ್ ಎಂಬ ಗ್ಯಾಸ್ ಮಾತ್ರೆ ಬರೆದಿದ್ದರು. "ನೋಡು ಮಗ, ಪೇಪರಲ್ಲೇ ಹಾಕವ್ರೆ" ಎಂದು ಆ ಚೂರನ್ನು ಗಾಜಿನ ಮೇಲೆ ಹರಡಿದರು. ಅವತ್ತು ಸಂತೆ, ಅಂಗಡಿ ತುಂಬಾ ಜನ. "ಡಾಕ್ಟರನ್ನ ಕೇಳದೆ ನಿಲ್ಲಿಸಬೇಡಿ ತಾತ" ಎಂದಷ್ಟೇ ಹೇಳಿ ಮುಂದಿನವರ ಚೀಟಿಗೆ ಕೈ ಚಾಚಿದೆ. ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಬೇಕಿತ್ತು. ಮಾತಾಡಲಿಲ್ಲ. ಆ ಹತ್ತು ನಿಮಿಷದ ಮಾತನ್ನೇ ಈಗ ನಿಮಗೆ ಬರೆಯುತ್ತಿದ್ದೇನೆ.

ಮೂರು ವಾರ ಕಳೆದಿರಬೇಕು. ಅವರ ಮಗ ಬಂದು, ಅಪ್ಪನಿಗೆ ತುಂಬಾ ಸುಸ್ತು, ಟಾನಿಕ್ ಕೊಡಿ ಅಂದ. ಏನಾಗುತ್ತಿದೆ ಅಂತ ಕೇಳಿದೆ. ತಲೆ ಸುತ್ತುತ್ತೆ, ಎರಡು ದಿನದಿಂದ ಕಕ್ಕಸು ಕಪ್ಪಗೆ ಹೋಗ್ತಿದೆ ಅಂದ. ಕಬ್ಬಿಣದ ಮಾತ್ರೆ ಏನಾದ್ರೂ ತಗೋತಿದ್ದಾರಾ ಅಂದೆ, ಅದಕ್ಕೂ ಕಪ್ಪಗಾಗುತ್ತದೆ. ಇಲ್ಲ ಅಂದ. ಹುಡುಗನನ್ನು ಅಂಗಡಿಯಲ್ಲಿ ಬಿಟ್ಟು ಅವರ ಮನೆಗೆ ಓಡಿದೆ. ಜಗಲಿ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪೇ ಇಲ್ಲ, ಸುಣ್ಣದ ಹಾಗೆ ಬಿಳಿ. ಅಂಗೈ ಕೂಡ ಹಾಗೇ. ಪ್ಯಾಂಟೊಪ್ರಜೋಲ್ ನಿಲ್ಲಿಸಿದ್ದರು, ಆಸ್ಪಿರಿನ್ ನಿಲ್ಲಿಸಿರಲಿಲ್ಲ. ಕಿಟಕಿಯಲ್ಲಿ ಅರಿಶಿನದ ಡಬ್ಬಿ, ಪಕ್ಕದಲ್ಲಿ ಲೋಟ.

ಮೈಸೂರಿಗೆ ಕಾರಲ್ಲಿ ಕಳಿಸಿದೆವು. ಎಂಡೋಸ್ಕೋಪಿಯಲ್ಲಿ ಹುಣ್ಣು ಸಿಕ್ಕಿತು, ಅದರಿಂದ ರಕ್ತ ಜಿನುಗುತ್ತಿತ್ತು. ಎರಡು ಬಾಟಲಿ ರಕ್ತ ಕೊಟ್ಟರು. ಆರನೇ ದಿನ ಮನೆಗೆ ಬಂದರು. ಈಗ ಚೆನ್ನಾಗಿದ್ದಾರೆ.

ನಿಮ್ಮ ಬರಹ ಪೂರ್ತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಪೂರ್ತಿ ಸುಳ್ಳಾಗಿದ್ದರೆ ಎರಡು ಸಾಲಿನ ಪತ್ರ ಸಾಕಿತ್ತು. ಅದು ಯಾವ ಅಧ್ಯಯನ ಅಂತ ಮಗಳ ಕೈಯಲ್ಲಿ ಹುಡುಕಿಸಿದೆ. ಸಿಕ್ಕಿದ್ದು 2016ರಲ್ಲಿ 'ಪ್ಲಾಸ್ ಒನ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧ. ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ಓದಿದೆ, ಅರ್ಥವಾಗದ ಕಡೆ ಎರಡೆರಡು ಸಲ ಓದಿದೆ. ಅದರಲ್ಲಿರುವುದಕ್ಕೂ ನಿಮ್ಮ ಪುಟದಲ್ಲಿ ಬಂದಿದ್ದಕ್ಕೂ ಬಹಳ ಅಂತರವಿದೆ.

ಪ್ರೋಟಾನ್ ಪಂಪ್ ಅಂದರೆ ಏನು ಅಂತ ಮೊದಲು ನೋಡೋಣ. ನಮ್ಮ ಕಡೆಯ ರೈತರಿಗೆ ಪಂಪ್‌ಸೆಟ್ ಹೇಳಿಕೊಡಬೇಕಾಗಿಲ್ಲ. ನೀರು ತಾನಾಗಿ ಮೇಲಕ್ಕೆ ಹತ್ತುವುದಿಲ್ಲ, ಕರೆಂಟ್ ಕೊಟ್ಟು ಎತ್ತಬೇಕು. ಜೀವಕೋಶದ ಸುತ್ತ ಇರುವ ಪೊರೆಯಲ್ಲೂ ಇಂಥ ಪಂಪುಗಳು ಕೂತಿವೆ. ಪ್ರೋಟೀನಿನಿಂದ ಆದವು. ಅವಕ್ಕೆ ಕರೆಂಟ್ ಅಂದರೆ ಎಟಿಪಿ ಎಂಬ ವಸ್ತು. ಅವು ಎತ್ತಿ ಹಾಕುವುದು ಪ್ರೋಟಾನ್, ಅಂದರೆ ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನ್ ಹೋದ ಮೇಲೆ ಉಳಿಯುವ ಕಣ. ಹುಳಿಯನ್ನು ಹುಳಿ ಮಾಡುವುದು ಅದೇ ಕಣ. ನಮ್ಮ ಜಠರದ ಗೋಡೆಯ ಪಂಪುಗಳು ಒಂದು ಪ್ರೋಟಾನ್ ಹೊರಗೆ ತಳ್ಳಿ ಬದಲಿಗೆ ಒಂದು ಪೊಟ್ಯಾಸಿಯಂ ಒಳಗೆ ತಗೋತವೆ. ಹೀಗೆ ತಳ್ಳಿ ತಳ್ಳಿ, ರಕ್ತದಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಜಾಸ್ತಿ ಪ್ರೋಟಾನನ್ನು ಜಠರದಲ್ಲಿ ತುಂಬುತ್ತವೆ. ನಮ್ಮ ಮೈಯಲ್ಲಿ ಇಷ್ಟು ಎತ್ತರಕ್ಕೆ ಎತ್ತುವ ಪಂಪ್ ಇನ್ನೊಂದಿಲ್ಲ.

ಇಂಥ ಪಂಪು ಜಠರದಲ್ಲಿ ಮಾತ್ರ ಇರುವುದಲ್ಲ. ಯೀಸ್ಟಿಗೆ ಇದೆ, ಬೂಷ್ಟಿಗೆ ಇದೆ, ಗಿಡದ ಬೇರಿಗೆ ಇದೆ. ಇವೆಲ್ಲ ಒಂದೇ ವಂಶದವು. ನಮ್ಮ ನರ, ಹೃದಯ, ಮೂತ್ರಪಿಂಡದಲ್ಲಿ ಸೋಡಿಯಂ ಹೊರಹಾಕುವ ಪಂಪ್, ಮಾಂಸಖಂಡದಲ್ಲಿ ಕ್ಯಾಲ್ಸಿಯಂ ಎತ್ತುವ ಪಂಪ್ ಕೂಡ ಅದೇ ವಂಶದ ಅಣ್ಣತಮ್ಮಂದಿರು. ಒಂದೇ ಕಂಪನಿಯ ಮೋಟರುಗಳ ಹಾಗೆ. ಹೊರಗಿನ ಬಣ್ಣ, ಸೈಜು ಬೇರೆ. ಬಿಚ್ಚಿ ನೋಡಿದರೆ ಒಳಗೆ ಅದೇ ಸುತ್ತು, ಅದೇ ಬೇರಿಂಗು.

ಆ 2016ರ ಅಧ್ಯಯನದವರು ಸಸ್ಯ ಮುಂತಾದವುಗಳಿಂದ ಬಂದ ನೈಸರ್ಗಿಕ ವಸ್ತುಗಳ ಒಂದು ದೊಡ್ಡ ಸಂಗ್ರಹವನ್ನೇ ಜಾಲಾಡಿದ್ದರು. ಅದರಲ್ಲಿ ಅರಿಶಿನದ ಹಳದಿ ವಸ್ತುಗಳು ಯೀಸ್ಟಿನ ಮತ್ತು ಗಿಡದ ಪ್ರೋಟಾನ್ ಪಂಪನ್ನು ನಿಲ್ಲಿಸುವುದು ಕಂಡಿತು. ಅರಿಶಿನದಲ್ಲಿ ಹಳದಿ ವಸ್ತು ಒಂದಲ್ಲ, ಮುಖ್ಯವಾಗಿ ಮೂರು. ಎಲ್ಲರಿಗೂ ಗೊತ್ತಿರುವುದು ಕರ್ಕ್ಯುಮಿನ್. ಅದಕ್ಕಿಂತ ಜೋರಾಗಿ ಕೆಲಸ ಮಾಡಿದ್ದು ಅದರ ತಂಗಿ, ಡೆಮಿಥಾಕ್ಸಿಕರ್ಕ್ಯುಮಿನ್. ಅಂಗಡಿಯಲ್ಲಿ 'ಕರ್ಕ್ಯುಮಿನ್' ಎಂದು ಮಾರುವ ಪುಡಿಯಲ್ಲೂ ಈ ಮೂರರ ಮಿಶ್ರಣವೇ ಇರುವುದುಂಟು ಎಂದು ಅವರೇ ಎಚ್ಚರಿಸಿದ್ದಾರೆ. ಔಷಧ ಮಾರುವ ನನಗೆ ಈ ಮಾತು ಬಹಳ ಮುಖ್ಯ. ಡಬ್ಬಿ ಮೇಲೆ ಒಂದು ಹೆಸರು, ಒಳಗೆ ಮೂರು ವಸ್ತು ಅಂದರೆ ಯಾವುದಕ್ಕೆ ಅಂತ ಡೋಸ್ ಹೇಳೋದು?

ನಿಮ್ಮ ಪುಟದಲ್ಲಿ ಬಿಟ್ಟುಹೋದ ಭಾಗ ಇದು: ಅದೇ ವಸ್ತು ಪ್ರಾಣಿಗಳ ಕ್ಯಾಲ್ಸಿಯಂ ಪಂಪನ್ನೂ ನಿಲ್ಲಿಸಿತು. ಶಿಲೀಂಧ್ರ (ಯೀಸ್ಟು, ಬೂಷ್ಟು ಸೇರಿದ ಗುಂಪು), ಗಿಡ, ಪ್ರಾಣಿ, ಮೂರೂ ಕಡೆಯ ಪಂಪುಗಳು ನಿಂತವು. ಈ ವಂಶದ ಪಂಪುಗಳಲ್ಲೆಲ್ಲ ಒಂದೇ ತರ ಇರುವ ಯಾವುದೋ ಜಾಗಕ್ಕೆ ಹೋಗಿ ಅದು ಅಂಟಿಕೊಳ್ಳುತ್ತಿರಬಹುದು ಎಂದು ಅವರು ಊಹಿಸಿದ್ದಾರೆ. ಬೇರೆ ಬೇರೆ ಜೀವಿಗಳ ಪಂಪುಗಳು ನಿಲ್ಲುತ್ತವೆ ಎಂಬುದು ಪ್ರಬಂಧದ ಹೆಸರಿನಲ್ಲೇ ಇದೆ. ಮನುಷ್ಯನಿಗೆ ಅರಿಶಿನ ಕುಡಿಸಿ ಹೊಟ್ಟೆಯ ಆಸಿಡ್ ಅಳೆದ ಕೆಲಸ ಅದಲ್ಲ.

ಈಗ ಗ್ಯಾಸ್ ಮಾತ್ರೆಗೆ ಬರೋಣ. ಒಮೆಪ್ರಜೋಲ್ ಈ ಜಾತಿಯ ಮೊದಲ ಮಾತ್ರೆ. ಸ್ವೀಡನ್ನಿನಲ್ಲಿ ತಯಾರಾಗಿ 1988ರಲ್ಲಿ ಮಾರುಕಟ್ಟೆಗೆ ಬಂತು. ಪ್ಯಾಂಟೊಪ್ರಜೋಲ್ ಅದರ ತಮ್ಮ. ಇವು ನುಂಗುವಾಗ ಪಂಪ್ ನಿಲ್ಲಿಸುವ ವಸ್ತುಗಳೇ ಅಲ್ಲ. ಮಾತ್ರೆಗೆ ಮೇಲೊಂದು ಪದರ ಇರುತ್ತದೆ, ಅದಕ್ಕೇ ಜಗಿಯಬೇಡಿ, ಪುಡಿ ಮಾಡಬೇಡಿ ಅಂತ ನಾವು ಹೇಳುವುದು. ಜಠರ ದಾಟಿ ಕರುಳಿನಲ್ಲಿ ಕರಗಿ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಸುತ್ತುವಾಗ ಸುಮ್ನೆ ಇರುತ್ತದೆ. ಜಠರದ ಆಸಿಡ್ ಕೋಶದ ಸಂದಿಗೆ ಬಂದಾಗ, ಅಲ್ಲಿನ ಕಡು ಹುಳಿಯಲ್ಲಿ ಮಾತ್ರ ಅದರ ರೂಪ ಬದಲಾಗಿ, ಅಲ್ಲೇ ಕೆಲಸ ಮಾಡುತ್ತಿರುವ ಪಂಪಿಗೆ ಕಚ್ಚಿಕೊಳ್ಳುತ್ತದೆ. ಕಚ್ಚಿದ ಮೇಲೆ ಬಿಡುವುದಿಲ್ಲ. ಔಷಧ ರಕ್ತದಿಂದ ಎರಡು ಮೂರು ಗಂಟೆಯಲ್ಲಿ ಹೆಚ್ಚುಕಡಿಮೆ ಖಾಲಿಯಾದರೂ ಪರಿಣಾಮ ಒಂದು ದಿನ ನಿಲ್ಲುವುದು ಅದಕ್ಕೇ. ತಿಂಡಿಗೆ ಅರ್ಧ ಗಂಟೆ ಮೊದಲು ತಗೊಳ್ಳಿ ಅನ್ನುವುದೂ ಅದಕ್ಕೇ. ಊಟ ಬಿದ್ದಾಗಲೇ ಪಂಪುಗಳು ಎದ್ದು ಕೆಲಸಕ್ಕೆ ನಿಲ್ಲುತ್ತವೆ, ಆ ಹೊತ್ತಿಗೆ ಮಾತ್ರೆ ಅಲ್ಲಿ ಕಾದಿರಬೇಕು.

ಹೃದಯದ ಸೋಡಿಯಂ ಪಂಪ್ ಪಕ್ಕದಲ್ಲೇ ಹಾದುಹೋದರೂ ಈ ಮಾತ್ರೆ ಅದನ್ನು ಮುಟ್ಟುವುದಿಲ್ಲ. ಹೃದಯದಲ್ಲಿ ಅಂಥ ಹುಳಿ ಇಲ್ಲವಲ್ಲ. ಅರಿಶಿನದ ವಸ್ತುವಿಗೆ ಈ ವಿಳಾಸ ಗೊತ್ತಿಲ್ಲ. ಪಂಪ್ ನಿಲ್ಲಿಸುವ ಶಕ್ತಿ ಅದಕ್ಕೂ ಇದೆ, ಯಾವ ಮನೆಯ ಬಾಗಿಲು ತಟ್ಟಬೇಕು ಎಂಬುದು ತಿಳಿದಿಲ್ಲ.

ಹಾಗಾದರೆ ಅರಿಶಿನ ಹಾಲು ಕುಡಿದರೆ ಹೃದಯ ನಿಂತುಹೋಗುತ್ತಾ ಅಂತ ಯಾರೂ ಗಾಬರಿ ಆಗಬೇಕಿಲ್ಲ. ಅಷ್ಟು ಒಳಗೆ ಹೋಗುವುದೇ ಇಲ್ಲ. ಮನೆಯ ಲೆಕ್ಕ ಹೇಳುತ್ತೇನೆ. ನೂರು ಗ್ರಾಂ ಅರಿಶಿನ ಪುಡಿಯಲ್ಲಿ ಈ ಹಳದಿ ವಸ್ತುಗಳು ಎಲ್ಲಾ ಸೇರಿ ಸುಮಾರು 3 ಗ್ರಾಂ. ಒಂದು ಟೀ ಚಮಚ ಪುಡಿ ಸುಮಾರು 3 ಗ್ರಾಂ ತೂಗುತ್ತದೆ. ಅಂದರೆ ಚಮಚಕ್ಕೆ 90 ಮಿಲಿಗ್ರಾಂ. ಅದರಲ್ಲಿ ಬಹುಪಾಲು ಕರುಳಿನಿಂದ ಹಾಗೇ ಹೊರಹೋಗುತ್ತದೆ, ಒಳಗೆ ಹೋದದ್ದನ್ನೂ ಯಕೃತ್ತು ಬೇಗ ಬದಲಿಸಿಬಿಡುತ್ತದೆ. ತೈವಾನಿನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದರು. ಅಷ್ಟಕ್ಕೆ ಕಾಲು ಕೆಜಿಗೂ ಜಾಸ್ತಿ ಅರಿಶಿನ ಪುಡಿ ಬೇಕು. ಆಗಲೂ ರಕ್ತದಲ್ಲಿ ಸಿಕ್ಕಿದ್ದು ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ. ಒಂದು ಚಮಚದಲ್ಲಿ ಎಷ್ಟು ಸಿಕ್ಕೀತು, ನೀವೇ ಲೆಕ್ಕ ಹಾಕಿ.

ನಾನು ಅರಿಶಿನದ ವಿರೋಧಿ ಅಂತ ಯಾರೂ ತಿಳಿಯಬಾರದು. ನಮ್ಮ ಮನೆ ಉಂಡಿರುವುದೇ ಅರಿಶಿನದಿಂದ. ಊರಲ್ಲಿ ಒಂದೂವರೆ ಎಕರೆ, ಅಣ್ಣ ನೋಡಿಕೊಳ್ಳುತ್ತಾನೆ. ಮೇ ತಿಂಗಳಲ್ಲಿ ಗೆಡ್ಡೆ ಊರಿದರೆ ಅಗೆಯುವ ಹೊತ್ತಿಗೆ ಸಂಕ್ರಾಂತಿ ಕಳೆದಿರುತ್ತದೆ. ಬೇಯಿಸುವ ದಿನ ಆವಿ ಜೊತೆ ಏಳುವ ವಾಸನೆ ರಸ್ತೆವರೆಗೂ ಬರುತ್ತದೆ. ಬೆಂದಿದೆಯೋ ಇಲ್ಲವೋ ಅಂತ ಅಪ್ಪ ಒಂದು ಕೊಂಬು ತೆಗೆದು ಅದಕ್ಕೆ ಕಡ್ಡಿ ಚುಚ್ಚಿ ನೋಡುತ್ತಿದ್ದರು. ಸಲೀಸಾಗಿ ಇಳಿದರೆ ಒಲೆ ಆರಿಸು ಅನ್ನುತ್ತಿದ್ದರು. ಆಮೇಲೆ ಕಣದಲ್ಲಿ ಹತ್ತು ಹದಿನೈದು ದಿನ ಒಣಗಬೇಕು, ಮುರಿದರೆ ಟಕ್ ಅಂತ ಶಬ್ದ ಬರಬೇಕು. ಪಾಲಿಶ್ ಡ್ರಮ್ಮಿಗೆ ಹಾಕಿ ತಿರುಗಿಸಿ, ಚೀಲ ತುಂಬಿ, ಈರೋಡಿಗೆ ಲಾರಿ. ನನ್ನ ಡಿ.ಫಾರ್ಮಾ ಫೀಸು ಆ ಚೀಲಗಳಿಂದಲೇ ಬಂದಿದ್ದು. ಅದಕ್ಕೇ ಅರಿಶಿನದ ಹೆಸರಲ್ಲಿ ಯಾರಿಗಾದರೂ ಕೇಡಾದರೆ ನನಗೆ ಎರಡು ಪಟ್ಟು ನೋವು.

'ಗಿಡದಿಂದ ಬಂದದ್ದು, ಏನೂ ಆಗಲ್ಲ' ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಕೇಳುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ನಡೆದದ್ದು ಹೇಳುತ್ತೇನೆ. ನಮ್ಮ ಹೊಲದ ಬೇಲಿಗೆ ಕಣಗಿಲೆ ಇತ್ತು. ಒಂದು ಸಾಯಂಕಾಲ ಅದನ್ನು ಸವರಿ, ಕತ್ತರಿಸಿದ ರೆಂಬೆಗಳನ್ನು ಬದುವಿನ ಮೇಲೆ ಬಿಟ್ಟು ಬಂದಿದ್ದೆವು. ವರ್ಷದ ಕಡಸು ಹಗ್ಗ ಬಿಚ್ಚಿಕೊಂಡು ಹೋಗಿ ಬಾಡಿದ ಎಲೆ ಒಂದೆರಡು ಹಿಡಿ ತಿಂದಿದೆ. ರಾತ್ರಿ ಜೊಲ್ಲು ಸುರಿಸಿತು, ನಿಲ್ಲಲಾಗದೆ ಮಂಡಿ ಊರಿತು. ಅಮ್ಮ ಅದರ ಎದೆಗೆ ಕೈ ಇಟ್ಟು, "ಒಂದ್ ಸಲ ಬಡ್ಕತದೆ, ಒಂದ್ ಸಲ ನಿಂತೋಯ್ತದೆ" ಅಂದರು. ಬೆಳಗಾಗುವಷ್ಟರಲ್ಲಿ ಸತ್ತಿತ್ತು.

ಏನಾಗಿತ್ತು ಅಂತ ನನಗೆ ತಿಳಿದದ್ದು ಕಾಲೇಜಿನಲ್ಲಿ. ಕಣಗಿಲೆಯ ವಿಷ ನಿಲ್ಲಿಸುವುದು ಹೃದಯದ ಕೋಶಗಳ ಸೋಡಿಯಂ ಪಂಪನ್ನು. ನಮ್ಮ ಜಠರದ ಪ್ರೋಟಾನ್ ಪಂಪಿಗೆ ಅತಿ ಹತ್ತಿರದ ಸಂಬಂಧಿ ಅದೇ ಪಂಪ್. ಆ ಪಂಪನ್ನು 1957ರಲ್ಲಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ಯೆನ್ಸ್ ಸ್ಕೌ. ಏಡಿಯ ಕಾಲಿನ ನರ ಅರೆದು ಅದರಲ್ಲಿ ಹುಡುಕಿದರು. ಅದು ಸೋಡಿಯಂ ಪಂಪೇ ಅಂತ ಖಾತ್ರಿ ಮಾಡಿಕೊಳ್ಳಲು ನೆರವಾದದ್ದು ಊವಬೈನ್ ಎಂಬ ಗಿಡದ ವಿಷ, ಆಫ್ರಿಕಾದಲ್ಲಿ ಬೇಟೆಗಾರರು ಬಾಣದ ತುದಿಗೆ ಸವರುತ್ತಿದ್ದದ್ದು. ನಲವತ್ತು ವರ್ಷದ ಮೇಲೆ, 1997ರಲ್ಲಿ, ಅವರಿಗೆ ನೊಬೆಲ್ ಬಂತು.

ಅದೇ ಬಗೆಯ ವಿಷ ಔಷಧಿಯೂ ಆಗಿದೆ. ಹೃದಯಕ್ಕೆ ಕೊಡುವ ಡಿಜಾಕ್ಸಿನ್ ನನ್ನ ಅಂಗಡಿಯಲ್ಲೇ ಇದೆ, ಎರಡನೇ ಸಾಲಿನ ಬಲಗಡೆ. ಡಿಜಿಟಾಲಿಸ್ ಗಿಡದ ಎಲೆಯಿಂದ ಬಂದದ್ದು. ಇಂಗ್ಲೆಂಡಿನ ವಿದರಿಂಗ್ ಎಂಬ ವೈದ್ಯರು ಹತ್ತು ವರ್ಷ ರೋಗಿಗಳಿಗೆ ಎಲೆ ಕೊಟ್ಟು, ಯಾರಿಗೆ ವಾಸಿಯಾಯಿತು, ಯಾರಿಗೆ ವಾಂತಿಯಾಯಿತು, ಯಾರು ಸತ್ತರು ಎಲ್ಲವನ್ನೂ ಬರೆದಿಟ್ಟು 1785ರಲ್ಲಿ ಅಚ್ಚು ಹಾಕಿಸಿದರು. ಇವತ್ತು ಒಂದು ಮಾತ್ರೆಯಲ್ಲಿ ಇರುವುದು ಕಾಲು ಮಿಲಿಗ್ರಾಂ ಅಷ್ಟೇ. ಅದು ಸ್ವಲ್ಪ ಜಾಸ್ತಿಯಾದರೂ ನಮ್ಮ ಕಡಸಿಗೆ ಆದ ಹಾಗೆ ಹೃದಯದ ಲಯ ತಪ್ಪುತ್ತದೆ. ಈ ಮಾತ್ರೆ ಕೊಡುವಾಗ ನಾನು ಚೀಟಿಯನ್ನು ಎರಡು ಸಲ ಓದುತ್ತೇನೆ.

ಇನ್ನೊಂದು ವಸ್ತು ಇದೆ, ಬಫಿಲೋಮೈಸಿನ್. ಮೊದಲ ಮಳೆಗೆ ಮಣ್ಣಿನ ವಾಸನೆ ಬರುತ್ತದಲ್ಲ, ಅದಕ್ಕೆ ಕಾರಣವಾದ ಸ್ಟ್ರೆಪ್ಟೋಮೈಸಿಸ್ ಜಾತಿಯ ಬ್ಯಾಕ್ಟೀರಿಯಾ ಇದನ್ನೂ ತಯಾರಿಸುತ್ತದೆ. ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೋಮೈಸಿನ್ ಸೂಜಿಮದ್ದು ಬಂದದ್ದೂ ಅದೇ ಜಾತಿಯಿಂದ. ಬಫಿಲೋಮೈಸಿನ್ ಇನ್ನೊಂದು ಬಗೆಯ ಪ್ರೋಟಾನ್ ಪಂಪನ್ನು ತೀರಾ ಕಡಿಮೆ ಪ್ರಮಾಣದಲ್ಲೇ ನಿಲ್ಲಿಸುತ್ತದೆ ಎಂಬುದು 1988ರಲ್ಲಿ ಪ್ರಕಟವಾಯಿತು. ಆ ಪಂಪ್ ನಮ್ಮ ಪ್ರತಿ ಕೋಶದ ಒಳಗೂ ಇದೆ, ಹಳೆಯದನ್ನು ಜೀರ್ಣ ಮಾಡುವ ಚೀಲಗಳನ್ನು ಹುಳಿಯಾಗಿ ಇಡುವುದು ಅದರ ಕೆಲಸ. ಮೂಳೆ ಸವೆಸುವ ಕೋಶಗಳೂ ಅದೇ ಪಂಪಿನಿಂದ ಆಸಿಡ್ ಸುರಿದು ಮೂಳೆ ಕರಗಿಸುತ್ತವೆ.

ಇದು ತಿಳಿದಾಗ ವಿಜ್ಞಾನಿಗಳಿಗೆ ಎಷ್ಟು ಆಸೆ ಹುಟ್ಟಿರಬೇಕು! ವಯಸ್ಸಾದ ಹೆಂಗಸರ ಮೂಳೆ ಸವೆತಕ್ಕೆ ಮದ್ದು ಸಿಕ್ಕಿತು ಅಂತ. ನಮ್ಮ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡವರು, ಮತ್ತೆ ಸರಿಯಾಗಿ ನಡೆಯಲಿಲ್ಲ. ಅಂಥ ಮಾತ್ರೆ ಬಂದಿದ್ದರೆ ಮೊದಲು ತರಿಸುತ್ತಿದ್ದವನು ನಾನೇ. ಬಫಿಲೋಮೈಸಿನ್ ಆಧಾರದ ಮೇಲೆ ಬದಲಿ ವಸ್ತುಗಳನ್ನೂ ಮಾಡಿ ನೋಡಿದರು. ಮಾತ್ರೆ ಬರಲಿಲ್ಲ. ಮೂಳೆಯ ಪಂಪನ್ನು ಮಾತ್ರ ನಿಲ್ಲಿಸಿ ಮೂತ್ರಪಿಂಡದ ಪಂಪನ್ನು, ಮಿಕ್ಕ ಕೋಶಗಳ ಪಂಪನ್ನು ಹೇಗೆ ಬಿಡುವುದು? ಮೂಳೆಯ ಈ ಪಂಪಿನ ಒಂದು ಭಾಗ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಿದ್ದಾರೆ. ಅವರ ಮೂಳೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಆದರೂ ಸುಲಭವಾಗಿ ಮುರಿಯುತ್ತದೆ, ರಕ್ತ ಹುಟ್ಟುವ ಮಜ್ಜೆಗೆ ಜಾಗವೇ ಉಳಿಯುವುದಿಲ್ಲ. ಬಫಿಲೋಮೈಸಿನ್ ಇವತ್ತು ಜಗತ್ತಿನ ಲ್ಯಾಬುಗಳಲ್ಲಿ ದಿನಾ ಬಳಕೆಯಾಗುತ್ತದೆ, ಕೋಶದ ಒಳಗಿನ ಕೆಲಸ ತಿಳಿಯಲು. ಮೆಡಿಕಲ್ ಸ್ಟೋರಿಗೆ ಬಂದಿಲ್ಲ.

ದಾರಿಯೇ ಇಲ್ಲ ಅಂತಲ್ಲ. ಔಷಧಿಗೆ ಬಗ್ಗದ ಕ್ಷಯಕ್ಕೆ ಕೊಡುವ ಬೆಡಾಕ್ವಿಲಿನ್ ಕ್ಷಯದ ಬ್ಯಾಕ್ಟೀರಿಯಾ ಪ್ರೋಟಾನಿನ ಹರಿವಿನಿಂದ ಎಟಿಪಿ ಮಾಡಿಕೊಳ್ಳುವ ಯಂತ್ರವನ್ನೇ ನಿಲ್ಲಿಸುತ್ತದೆ. ಅಂಥ ಯಂತ್ರ ನಮ್ಮಲ್ಲೂ ಇದೆ, ಅದನ್ನು ಈ ಮಾತ್ರೆ ಅಷ್ಟಾಗಿ ಮುಟ್ಟುವುದಿಲ್ಲ. ಅದು ಗಿಡದಿಂದ ಬಂದದ್ದಲ್ಲ, ಲ್ಯಾಬಿನಲ್ಲಿ ಕಟ್ಟಿದ್ದು. ಆದರೂ ಅದನ್ನು ನೋಡಿದಾಗ ಅರಿಶಿನದ ಮೇಲೆ ನನಗೆ ಆಸೆ ಬರುತ್ತದೆ.

ಯಾಕೆ ಅಂದರೆ ಹುಳುಕಡ್ಡಿ, ಶಿಲೀಂಧ್ರದಿಂದ ಬರುವ ಚರ್ಮದ ಕಾಯಿಲೆ. ನಮ್ಮ ಅಂಗಡಿಗೆ ಬರುವ ಚರ್ಮದ ತೊಂದರೆಯಲ್ಲಿ ಮುಕ್ಕಾಲು ಪಾಲು ಅದೇ. ಹೊಲದಲ್ಲಿ ಬೆವರು ಸುರಿಸುವವರು, ಲಾರಿ ಓಡಿಸುವವರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು. ಮೊದಲೆಲ್ಲ ಎರಡು ವಾರ ಟರ್ಬಿನಾಫಿನ್ ಹಚ್ಚಿದರೆ ಹೋಗುತ್ತಿತ್ತು. ಈಗ ಎರಡು ತಿಂಗಳಾದರೂ ಮೊಂಡು ಹಿಡಿದು ಕೂರುತ್ತದೆ. ಟರ್ಬಿನಾಫಿನ್‌ಗೆ ಬಗ್ಗದ ಒಂದು ಹೊಸ ಶಿಲೀಂಧ್ರಕ್ಕೆ 2020ರಲ್ಲಿ ಹೆಸರಿಡುವಾಗ 'ಇಂಡೋಟಿನಿಯೇ' ಅಂತ ಇಟ್ಟರು, ನಮ್ಮ ದೇಶದ ಹೆಸರು ಅದರಲ್ಲಿ ಸೇರಿಕೊಂಡಿತು. ಸ್ಟೀರಾಯ್ಡ್ ಬೆರೆಸಿದ ಮುಲಾಮು ಕೇಳಿ ಬರುವವರಿಗೆ ನಾನು ಕೊಡುವುದಿಲ್ಲ. ಕೆರೆತ ಎರಡು ದಿನ ನಿಂತು ಆಮೇಲೆ ಇಮ್ಮಡಿಯಾಗಿ ಹರಡುತ್ತದೆ. ಬೇರೆ ಅಂಗಡಿಗೆ ಹೋಗುತ್ತಾರೆ, ಹೋಗಲಿ.

ಶಿಲೀಂಧ್ರದ ಕೋಶಕ್ಕೆ ಅದರ ಹೊರಪೊರೆಯ ಪ್ರೋಟಾನ್ ಪಂಪೇ ಜೀವ. ಯೀಸ್ಟಿನಲ್ಲಿ ಆ ಪಂಪ್ ಇಲ್ಲದಿದ್ದರೆ ಕೋಶ ಬದುಕುವುದೇ ಇಲ್ಲ. ನಮ್ಮ ಚರ್ಮದ ಕೋಶದ ಹೊರಪೊರೆಯಲ್ಲಿ ಆ ಕೆಲಸಕ್ಕೆ ಇರುವುದು ಸೋಡಿಯಂ ಪಂಪ್. ಆ ವ್ಯತ್ಯಾಸವೇ ವಿಜ್ಞಾನಿಗಳಿಗೆ ಕಾಣುವ ಬಿರುಕು. ಅರಿಶಿನದ ಆ ವಸ್ತುವನ್ನು ಸ್ವಲ್ಪ ತಿದ್ದಿ, ಶಿಲೀಂಧ್ರದ ಪಂಪಿಗೆ ಮಾತ್ರ ಅಂಟುವ ಹಾಗೆ ಮಾಡಿದರೆ? ಹುಳುಕಡ್ಡಿ ಇರುವುದು ಚರ್ಮದ ಮೇಲೆ. ಕರುಳು, ಯಕೃತ್ತು ದಾಟುವ ತಾಪತ್ರಯ ಇಲ್ಲ, ಮುಲಾಮಾಗಿ ಹಚ್ಚಿದರೆ ಆಯಿತು. ಇದು ನನ್ನ ಆಸೆ, ಇನ್ನೂ ಯಾರೂ ಕೈಗೆ ಕೊಟ್ಟಿಲ್ಲ. ಅದು ಆಗುವವರೆಗೆ ಅರಿಶಿನದ ಪೇಸ್ಟ್ ಹಚ್ಚಿಕೊಂಡು ಎರಡು ತಿಂಗಳು ಕಳೆದು, ಸೊಂಟದಿಂದ ಬೆನ್ನಿಗೆ ಹರಡಿಸಿಕೊಂಡು ಬರುವವರನ್ನು ಡಾಕ್ಟರ ಹತ್ತಿರ ಕಳಿಸುತ್ತಲೇ ಇರುತ್ತೇನೆ.

ನನ್ನ ಕಡೆಯ ತಪ್ಪನ್ನೂ ಹೇಳಬೇಕು. "ಸಾ, ಗ್ಯಾಸ್ ಮಾತ್ರೆ ಒಂದ್ ಶೀಟು ಕೊಡಿ" ಎಂದು ಕೇಳಿದವರಿಗೆಲ್ಲ ಚೀಟಿ ನೋಡದೆ ಪ್ಯಾಂಟೊಪ್ರಜೋಲ್ ಕೊಟ್ಟಿದ್ದೇನೆ, ಬಹಳ ವರ್ಷ. ಐದಾರು ವರ್ಷದಿಂದ ದಿನಾ ನುಂಗುವವರು ನಮ್ಮ ಊರಲ್ಲಿದ್ದಾರೆ, ಯಾಕೆ ಶುರು ಮಾಡಿದ್ದು ಅಂತ ಅವರಿಗೇ ನೆನಪಿಲ್ಲ. ವರ್ಷಗಟ್ಟಲೆ ನುಂಗಿದರೆ ಕೆಲವರಲ್ಲಿ ಬಿ12, ಮೆಗ್ನೀಸಿಯಂ ಕಡಿಮೆಯಾಗುತ್ತದೆ. ಬೇಡದವರು ನಿಲ್ಲಿಸಲೇಬೇಕು. ನಿಮ್ಮ ಬರಹ ಇದನ್ನು ಹೇಳಿದ್ದರೆ ನಾನೇ ಅಂಗಡಿ ಗೋಡೆಗೆ ಅಂಟಿಸುತ್ತಿದ್ದೆ. ಆದರೆ ಆಸ್ಪಿರಿನ್ ಜೊತೆ ಕಾವಲಿಗೆ ಅಂತ ತಗೊಳ್ಳುವವರು ಬೇರೆ, ಹೊಟ್ಟೆ ಉಬ್ಬರಕ್ಕೆ ಅಭ್ಯಾಸವಾದವರು ಬೇರೆ. ಈಗ ನಾನು ಚೀಟಿ ಕೇಳುತ್ತೇನೆ, ಯಾವಾಗಿನಿಂದ ತಗೋತಿದ್ದೀರಿ ಅಂತ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಇನ್ನು ಮುಂದೆ ಯಾವುದೇ ಸೊಪ್ಪು, ಬೇರು, ಗೆಡ್ಡೆಯ ಬಗ್ಗೆ ಇಂಥ ಸುದ್ದಿ ಹಾಕುವಾಗ, ಪರೀಕ್ಷೆ ನಡೆದದ್ದು ಗಾಜಿನ ನಳಿಕೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ ಎಂಬುದನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ. ಆ ವಸ್ತು ಬೇರೆ ಏನನ್ನೆಲ್ಲ ನಿಲ್ಲಿಸುತ್ತದೆ ಎಂಬುದನ್ನು ಬಿಡಬೇಡಿ. ನುಂಗುತ್ತಿರುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ ಎಂಬ ಸಾಲನ್ನು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದರೆ ನಮ್ಮ ತಾತನಿಗೆ ಕಾಣುವುದಿಲ್ಲ. ಅವರು ಓದುವುದು ತಲೆಬರಹ ಮತ್ತು ಚಿತ್ರ. ಹಾಲಿನ ಲೋಟದ ಪಕ್ಕದಲ್ಲೇ, ಅಷ್ಟೇ ದಪ್ಪಗೆ ಹಾಕಿ.

ನನ್ನ ಹೆಸರು ಹಾಕಬೇಡಿ. ಹಾಕಿದರೆ ಆ ಹಿರಿಯರು ಯಾರು ಅಂತ ಊರಿಗೆಲ್ಲ ಗೊತ್ತಾಗುತ್ತದೆ, ಪೇಪರ್ ನಂಬಿ ಮೋಸ ಹೋದೆ ಅಂತ ಅವರಿಗೆ ಈಗಲೇ ಸಂಕೋಚ ಇದೆ. ಮೊನ್ನೆ ಸೋಮವಾರ ಅಂಗಡಿಗೆ ಬಂದಿದ್ದರು. ಎರಡೂ ಮಾತ್ರೆ ತಗೊಂಡರು. ಪ್ಯಾಂಟೊಪ್ರಜೋಲ್ ಮೇಲೆ ಸ್ಕೆಚ್ ಪೆನ್ನಲ್ಲಿ 'ತಿಂಡಿಗೆ ಮುಂಚೆ' ಅಂತ ಬರೆಸಿಕೊಂಡರು.

ಮುಂದಿನ ವಾರ ನಮ್ಮ ಹೊಲದಲ್ಲಿ ಅರಿಶಿನ ಬೇಯಿಸುತ್ತೇವೆ. ಆ ಪುಟ ನೋಡಿಕೊಳ್ಳುವವರು ಯಾರಾದರೂ ಬರುವುದಾದರೆ ಬಸ್ ಸ್ಟ್ಯಾಂಡಿನಿಂದ ನಾನೇ ಕರೆದುಕೊಂಡು ಹೋಗುತ್ತೇನೆ. ಆ ಪ್ರಬಂಧವನ್ನು ಪ್ರಿಂಟ್ ತೆಗೆಸಿ, ಕನ್ನಡದಲ್ಲಿ ಅಂಚಿಗೆ ಟಿಪ್ಪಣಿ ಬರೆದು ಇಟ್ಟಿದ್ದೇನೆ. ಕಣದ ಪಕ್ಕ ಹುಣಸೆ ಮರದ ಕೆಳಗೆ ಕೂತು ಸಾಲು ಸಾಲಾಗಿ ಓದೋಣ.

ಇಂತಿ ತಮ್ಮ ಓದುಗ,
ಗುಂಡ್ಲುಪೇಟೆ, ಚಾಮರಾಜನಗರ ಜಿಲ್ಲೆ